ಸಂಜೀವಣ್ಣನ ಎರಡನೇ ಡಬ್ಬಿ

ಮಳೆಗಾಲದ ಆಟಿ ತಿಂಗಳ ಆ ಮಧ್ಯಾಹ್ನ, ಸತ್ತವರಿಗೆ ಬಡಿಸಿ ಬಾಗಿಲು ಮುಚ್ಚಿದ ಅರ್ಧ ಗಂಟೆಯಲ್ಲಿ, ಸಂಜೀವಣ್ಣ ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರೇ ಎಂದು ಯಾರಾದರೂ ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ಕೂತಿದ್ದರು ಎಂದೇ ನೆನಪು. ಆದರೆ ನೆನಪು ಬೇಕಾದ ಕುರ್ಚಿಯಲ್ಲಿ ಬೇಕಾದವರನ್ನು ತಂದು ಕೂರಿಸುತ್ತದೆ. ರಸಾಯನಶಾಸ್ತ್ರ ಓದಿದವನಿಗೆ ಅಷ್ಟು ಸಂಶಯವಾದರೂ ಇರಬೇಕು.

ಖಚಿತವಾಗಿ ನೆನಪಿರುವುದು ಅವರ ಬೆರಳಿನ ಗೆಣ್ಣು. ದೇರೆಬೈಲಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಕ್ಕದ್ದೇ ಅವರ ಮನೆ. ಹಂಚಿನ ಕಾರ್ಖಾನೆಯ ಭಟ್ಟಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಸುಟ್ಟ ಹಂಚನ್ನು ಗೆಣ್ಣಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದು, ಬೆಂದದ್ದೋ ಬಿರುಕು ಬಿಟ್ಟದ್ದೋ ಹೇಳುವುದು ಅವರ ಕೆಲಸ. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಹಲಸಿನಕಾಯಿ, ಕೊಡಪಾನ, ಜಗಲಿಯ ಕಂಬ, ಎಲ್ಲದಕ್ಕೂ ಟಕ್ ಟಕ್. ಒಮ್ಮೆ ನನ್ನ ಎದೆಗೂ ಬಡಿದು, "ಮಾಷ್ಟ್ರೇ, ಒಳಗೆ ಎಂತದೂ ಇಲ್ಲ, ಬರೀ ಪುಸ್ತಕ ಉಂಟು" ಎಂದಿದ್ದರು.

ಇನ್ನೊಂದು ಅಭ್ಯಾಸ: ಲೋಟಕ್ಕೆ ತುಟಿ ತಾಗಿಸಿದವರಲ್ಲ. ನೀರಿರಲಿ, ಚಹಾ ಇರಲಿ, ಎತ್ತಿ ಹಿಡಿದು ಒಂದೇ ಧಾರೆಯಲ್ಲಿ ಗಂಟಲಿಗೆ ಹೊಯ್ದು ಲೋಟ ಕವುಚುತ್ತಿದ್ದರು. ತಮ್ಮ ವಾಸು ಹಾಗಲ್ಲ, ಬಹರೈನಿಗೆ ಹೋದ ಮೇಲೆ ದೊರೆಗಳ ಹಾಗೆ ಗುಟುಕು ಗುಟುಕಾಗಿ ಕುಡಿಯಲು ಕಲಿತಿದ್ದಾನೆ ಎಂದು ನಗಾಡುತ್ತಿದ್ದರು. ವಾಸು ಕಾಗದದಲ್ಲಿ ಬರೆದಿದ್ದ: "ಅಣ್ಣಾ, ಇಲ್ಲಿ ಒಂದು ಗ್ಲಾಸಿಗೆ ಒಂದು ಗಂಟೆ. ಈ ಸಲ ಬಿಯರ್ ಮಾಡುವ ಸಾಮಾನೇ ತರ್ತೇನೆ. ನಮ್ಮ ಜಗಲಿಯಲ್ಲಿ ಕೂತು ಕುಡಿಯುವ."

ವಾಸು ಬರಲಿಲ್ಲ. ಮಲಗಿದಲ್ಲೇ ಹೋದನಂತೆ, ಅಲ್ಲೇ ಮಣ್ಣು ಮಾಡಿದರು. ಮೂರು ತಿಂಗಳ ನಂತರ ಅವನ ಟ್ರಂಕು ಬಜಪೆ ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು. ಅದರೊಳಗೆ ಬಟ್ಟೆ, ದಪ್ಪ ತಳದ ಒಂದು ಗಾಜಿನ ಲೋಟ, ಮತ್ತು ಒಂದು ರಟ್ಟಿನ ಪೆಟ್ಟಿಗೆ: ಮುಚ್ಚಳವಿದ್ದ ಬಿಳಿ ಪ್ಲಾಸ್ಟಿಕ್ ಬಕೆಟು, ಮುಚ್ಚಳಕ್ಕೆ ಸಿಕ್ಕಿಸಿ ನೀರು ತುಂಬುವ ಒಂದು ಡೊಂಕು ನಳಿಗೆ, ಕಾಕಂಬಿಯಂಥ ಕಪ್ಪು ಮಾಲ್ಟ್ ಪಾಕದ ಎರಡು ಡಬ್ಬಿ, ಯೀಸ್ಟಿನ ಎರಡು ಪೊಟ್ಟಣ, ಇಂಗ್ಲಿಷಿನಲ್ಲಿ ಒಂದು ಹಾಳೆ.

"ನೀವು ಓದಿ ಹೇಳಿ ಮಾಷ್ಟ್ರೇ, ನಾನು ಮಾಡ್ತೇನೆ" ಎಂದರು ಸಂಜೀವಣ್ಣ. "ಅವನ ಬೊಜ್ಜದ ದಿನ, ಉತ್ತರಕ್ರಿಯೆಗೆ ಬಡಿಸಿದ ಎಲೆ ಹಾಕಿದ ಹಾಗೇ ಇತ್ತು. ಒಂದು ಅಗುಳು ಅತ್ತಿತ್ತ ಆಗ್ಲಿಲ್ಲ. ಅವ ಇನ್ನೂ ಮನೆಗೆ ಬಂದು ಮುಟ್ಟಲಿಲ್ಲ. ಆಟಿಯಲ್ಲಿ ಇದನ್ನು ಇಟ್ಟರೆ ಬಂದಾನು."

ಬಡಿಸಿದ ಎಲೆ ಹಾಕಿದ ಹಾಗೇ ಇರುವುದು ಸಹಜವಲ್ಲವೇ ಎಂದು ಕೇಳಬೇಕೆಂದಿದ್ದೆ. ಅವರ ಮುಖ ನೋಡಿ ಹಾಳೆ ಕೈಗೆತ್ತಿಕೊಂಡೆ.

ಅವರ ಹೆಂಡತಿ ಕಮಲಕ್ಕ ಮಾತ್ರ, "ಪೊಲೀಸರು ಬಂದ್ರೆ ಇದೆಲ್ಲ ಮಾಷ್ಟ್ರು ಹೇಳಿಕೊಟ್ಟದ್ದು ಅಂತ ಹೇಳ್ತೇನೆ" ಎಂದರು.

ಮೊದಲ ಡಬ್ಬಿಯನ್ನು ಹಾಳು ಮಾಡಿದವನು ನಾನೇ. ಹಾಳೆಯಲ್ಲಿದ್ದಂತೆ ಒಂದು ಕಿಲೋ ಸಕ್ಕರೆ ಹಾಕಿಸಿದೆ. 'ಬೆಚ್ಚಗಿನ ಜಾಗದಲ್ಲಿಡಿ' ಎಂದಿತ್ತು. ಅದು ಚಳಿದೇಶದವರಿಗಾಗಿ ಬರೆದದ್ದೆಂದು ಹೊಳೆಯದೆ, ಮಂಗಳೂರಿನ ಮಾರ್ಚ್ ತಿಂಗಳಲ್ಲಿ ಬಕೆಟನ್ನು ಬಚ್ಚಲ ಒಲೆಯ ಪಕ್ಕ ಇಡಿಸಿದೆ. ತೆರೆದಾಗ ಉಗುರಿಗೆ ಹಚ್ಚುವ ಬಣ್ಣದ ವಾಸನೆ. ಸಂಜೀವಣ್ಣ ಒಂದು ಧಾರೆ ಗಂಟಲಿಗೆ ಹೊಯ್ದು ಕಣ್ಣು ಮುಚ್ಚಿದರು.

"ಮಾಷ್ಟ್ರೇ, ಇದನ್ನಿಟ್ಟರೆ ಅವ ವಾಪಸು ಬಹರೈನಿಗೇ ಹೋಗ್ತಾನೆ."

ಉಳಿದದ್ದು ಒಂದೇ ಡಬ್ಬಿ. ಅವರು ಹಾಳೆಯನ್ನು ಮಡಚಿ ನನ್ನ ಕಿಸೆಗೆ ತುರುಕಿದರು. "ಇನ್ನು ನೀವು ಬರೆದುಕೊಳ್ಳಿ, ಸಾಕು."

ಸಕ್ಕರೆಯನ್ನು ಪೂರ್ತಿ ಬಿಟ್ಟರು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿದರು. ಅದರಲ್ಲಿ ಒಂದು ಪಾಲನ್ನು ಮಣ್ಣಿನ ಓಡಿನಲ್ಲಿ, ಚೆನ್ನಾಗಿ ಬೆಂದ ಹಂಚಿನ ಬಣ್ಣ ಬರುವವರೆಗೆ ಹುರಿದರು. ಎಲ್ಲವನ್ನೂ ತರಿಯಾಗಿ ಬೀಸಿ, ಬೆರಳು ಅದ್ದಿ ಹಿಂದೆಗೆಯುವಷ್ಟು ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟು ಸೋಸಿದರು. ಆ ನೀರಿಗೆ ಒಂದು ಹಿಡಿ ತಾಳೆಮರದ ಓಲೆಬೆಲ್ಲ, ಜ್ವರಕ್ಕೆ ಕೊಡುವ ಕಹಿ ಕಿರಾತಕಡ್ಡಿಯ ಚೂರು ಹಾಕಿ ಕುದಿಸಿ, ಕೊನೆಗೆ ಡಬ್ಬಿಯ ಪಾಕ ಬೆರೆಸಿದರು. ಪೂರ್ತಿ ಆರಿದ ಮೇಲೆ ಯೀಸ್ಟು. ಬಕೆಟನ್ನು ಬಾವಿಕಟ್ಟೆಯ ನೆರಳಲ್ಲಿ, ಕಲ್ಲಿನ ಮರಿಗೆಯ ತಣ್ಣೀರಿನಲ್ಲಿ ನಿಲ್ಲಿಸಿ, ಒದ್ದೆ ಗೋಣಿ ಸುತ್ತಿದರು. ಅವರು ಮಾಡಿದ ಪ್ರತಿಯೊಂದಕ್ಕೂ ನನ್ನ ಶಾಸ್ತ್ರದಲ್ಲಿ ಕಾರಣವಿತ್ತು. ಆದರೆ ಅವರು ಮಾಡಿದ ಮೇಲಷ್ಟೇ ನನಗದು ನೆನಪಾಗುತ್ತಿತ್ತು.

ನಳಿಗೆಯ ನೀರಿನಲ್ಲಿ ಗುಳುಕ್ ಗುಳುಕ್ ಎಂದು ಗುಳ್ಳೆ ಬರತೊಡಗಿತು. ಸಂಜೀವಣ್ಣ ಬಕೆಟಿಗೆ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೂರುತ್ತಿದ್ದರು. ಐದನೆಯ ದಿನ ತಲೆ ಎತ್ತದೆಯೇ ಹೇಳಿದರು: "ಕಹಿ ಸಾಲದಂತೆ."

"ಯಾರು ಹೇಳಿದ್ದು?"

"ಮತ್ತೆ ಯಾರು?"

ಇನ್ನೊಂದಿಷ್ಟು ಕಿರಾತಕಡ್ಡಿ ಕುದಿಸಿ ಆರಿಸಿ ಹಾಕಿದರು. ಹತ್ತನೆಯ ದಿನ ಗುಳ್ಳೆ ನಿಂತಿತ್ತು. ನಡುಮಧ್ಯಾಹ್ನ, ಗಾಳಿ ಇರಲಿಲ್ಲ. ಬಾವಿಕಟ್ಟೆಯ ಮೇಲಿನ ಕಾಗೆ ಕೂಡ ಕೂಗುತ್ತಿರಲಿಲ್ಲ. ಸಂಜೀವಣ್ಣ ಬಗ್ಗಿ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ "ವಾಸೂ" ಎಂದರು. ಗುಳುಕ್. ಒಂದೇ ಒಂದು. ಸ್ವಲ್ಪ ತಡೆದು ಮತ್ತೆ ಕರೆದರು. ಮತ್ತೊಂದು. ಅವರು ಬಗ್ಗಿದಾಗ ಮುಚ್ಚಳ ಅದುಮಿರಬಹುದು, ಬಿಸಿಲು ಸರಿದು ಬಕೆಟಿಗೆ ತಾಗಿರಬಹುದು. ಹಾಗೆಂದೇ ನಾನು ಬರೆದುಕೊಂಡೆ.

ಬಾಟ್ಲಿಗೆ ತುಂಬಿ, ಒಂದೊಂದಕ್ಕೂ ಅರ್ಧ ಚಮಚ ಓಲೆಬೆಲ್ಲ ಹಾಕಿ, ಬಿರಡೆ ಬಿಗಿದು ಆಟಿಯವರೆಗೆ ಕತ್ತಲಲ್ಲಿಟ್ಟರು.

ಆ ಮಧ್ಯಾಹ್ನ ಒಳಕೋಣೆಯಲ್ಲಿ ಮೂರು ಎಲೆ: ಅಪ್ಪನಿಗೆ, ಅಮ್ಮನಿಗೆ, ವಾಸುವಿಗೆ. ಕೋಳಿ, ರೊಟ್ಟಿ, ಅನ್ನ. ವಾಸುವಿನ ಎಲೆಯ ಪಕ್ಕದಲ್ಲಿ ಅವನದೇ ಲೋಟ, ಅದರ ತುಂಬ ಕಂದು ಬಿಯರ್, ಮೇಲೆ ಕೆನೆಯಂಥ ನೊರೆ. ನೊರೆಯಡಿಯ ಮಟ್ಟ ನಿಂತ ಮೇಲೆ, ಪ್ರಯೋಗಾಲಯದ ಮೇಣದ ಪೆನ್ಸಿಲಿನಿಂದ ನಾನು ಲೋಟಕ್ಕೆ ಒಂದು ಕೆಂಪು ಗೆರೆ ಎಳೆದೆ. ಸಂಜೀವಣ್ಣ ನೋಡಿದರು, ಬೇಡ ಎನ್ನಲಿಲ್ಲ.

ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು. ಆ ಕೋಣೆಗೆ ಇನ್ನೊಂದು ಬಾಗಿಲಿತ್ತು, ಅಡುಗೆಮನೆಯ ಕಡೆಗೆ. ಯಾರೂ ಮಾತಾಡಬಾರದು. ಕಂಬದ ಮೇಲೆ ಗೆಣ್ಣಿನ ಟಕ್ ಟಕ್ ಕೇಳುತ್ತಿತ್ತು. ಹಾಗಾಗಿ ಅವರು ಪಕ್ಕದಲ್ಲೇ ಇದ್ದಾರೆಂದುಕೊಂಡು ನಾನು ಅಂಗಳ ನೋಡುತ್ತಿದ್ದೆ. ಆದರೆ ಈಗ ನೆನೆಸಿಕೊಂಡರೆ ಆ ಸದ್ದು ಮರದ್ದಲ್ಲ, ಗಾಜಿನದ್ದು. ಅದೂ ಬೆನ್ನ ಹಿಂದಿನಿಂದ.

ಸಂಜೀವಣ್ಣ, ಒಳಗೆ ಉಣ್ಣುವವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲು ತೆರೆದರು. ಲೋಟದ ಬಿಯರ್ ಕೆಂಪು ಗೆರೆಗಿಂತ ಎರಡು ಬೆರಳು ಇಳಿದಿತ್ತು. ನಡುವೆ ಗಾಜಿಗಂಟಿದ ನೊರೆಯ ಗೆರೆಗಳು, ಒಂದರ ಕೆಳಗೊಂದು. ಮೂರು ಎಂದು ನನ್ನ ನೆನಪು. ಸಂಜೀವಣ್ಣ ಅಳಲಿಲ್ಲ, ಕೈಯನ್ನೂ ಮುಗಿಯಲಿಲ್ಲ. "ಬಂದ" ಎಂದು ಹೊಸಿಲ ಮೇಲೆ ಕೂತುಬಿಟ್ಟರು. ಎಲೆಗಳನ್ನು ತೆಗೆದರು. ಲೋಟವನ್ನು ಮಾತ್ರ ಬತ್ತುವ ತನಕ ಅಲ್ಲಿಂದ ಕದಲಿಸಲು ಬಿಡಲಿಲ್ಲ.

ಒಂದು ಬಾಟ್ಲಿ ನನಗೂ ಕೊಟ್ಟರು. ಹುರಿದ ರಾಗಿಯ ಘಮ, ಹೊಸ ಹಂಚಿಗೆ ಮೊದಲ ನೀರು ಬಿದ್ದಂಥ ರುಚಿ, ಆಮೇಲೆ ಬಹಳ ಹೊತ್ತು ಉಳಿಯುವ ಕಹಿ. ಆ ಬಳಿಕ ಎಷ್ಟೋ ಊರಿನ ಬಿಯರ್ ಕುಡಿದಿದ್ದೇನೆ. ಅದು ಸಿಕ್ಕಿಲ್ಲ.

ಮುಂದೆ ಕಾರ್ಖಾನೆ ಮುಚ್ಚಿತು. ನಾನು ಕುಲಶೇಖರಕ್ಕೆ ಮನೆ ಬದಲಾಯಿಸಿದೆ. ಕೊನೆಯ ಸಲ ನೋಡಿದಾಗ ಭಟ್ಟಿಯ ಹೊಗೆ ಅವರ ಎದೆಯಲ್ಲಿ ಕೂತಿತ್ತು. ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ತೆಗೆಯುತ್ತಿದ್ದರು. ಆಗ ಕೇಳಿಯೇ ಬಿಟ್ಟೆ.

"ಸಂಜೀವಣ್ಣ, ಆ ದಿನ ನೀವು ಮಧ್ಯದಲ್ಲಿ ಎದ್ದು ಒಳಗೆ ಹೋದಿರಾ?"

ಅವರ ದನಿಯಲ್ಲಿ ಕೋಪ ಇರಲಿಲ್ಲ. "ನಾನು ಲೋಟಕ್ಕೆ ತುಟಿ ಇಟ್ಟದ್ದು ಎಂದಾದರೂ ನೋಡಿದ್ದುಂಟಾ ಮಾರಾಯ್ರೆ? ನಾನು ಕುಡಿದಿದ್ದರೆ ಪೂರ್ತಿ ಖಾಲಿ ಆಗ್ತಿತ್ತು." ಮತ್ತೆ ನನ್ನ ಎದೆಗೆ ಬಡಿದು ಕಿವಿಗೊಟ್ಟರು. "ಈಗ ಎಂತದೋ ಉಂಟು" ಎಂದರು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಡವಾಗಿ. ಹೋದಾಗ ಕಮಲಕ್ಕ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ ಕೈಗಿಟ್ಟರು. "ಮಾಷ್ಟ್ರಿಗೆ ಪರೀಕ್ಷೆ ಮಾಡ್ಲಿಕ್ಕೆ ಬೇಕಾದೀತು, ತೊಳೀಬೇಡ ಅಂದಿದ್ದರು. ಇಷ್ಟು ವರ್ಷ ನಾನು ಅದನ್ನು ಮುಟ್ಟಲಿಲ್ಲ."

ಮನೆಗೆ ತಂದು ಬಿಚ್ಚಿ, ವಾಸುವಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ಕೆಂಪು ಗೆರೆ ಇತ್ತು. ಕೆಳಭಾಗದಲ್ಲಿ, ಉಳಿದದ್ದು ನಿಂತಲ್ಲೇ ಬತ್ತಿಹೋದ ಕಲೆಗಳು, ಎಲ್ಲ ಮಟ್ಟಸ. ಅವುಗಳ ಮೇಲೆ, ಕೆಂಪು ಗೆರೆಯ ಕೆಳಗೆ, ನೊರೆಯ ಗೆರೆಗಳು. ಎಣಿಸಿದೆ. ಮೂರು. ಮೂರೂ ಒಂದೇ ಬದಿಗೆ ಓರೆಯಾಗಿದ್ದವು, ಲೋಟವನ್ನು ಮೂರು ಸಲ ಎತ್ತಿ ಬಾಗಿಸಿದರೆ ಆಗುವ ಹಾಗೆ.