ಕೆರೆ ಒಡೆದದ್ದಕ್ಕೆ ಕಾರಣ

ಐವತ್ತರ ದಶಕದ ನಡುವಿನ ಒಂದು ಹಿಂಗಾರಿನಲ್ಲಿ ಗುಂಡ್ಲುಪೇಟೆಯ ಕಡೆ ಹಿಡಿದ ಮಳೆ ನಮ್ಮ ಸೀಮೆಯ ಕೆರೆಗಳನ್ನೆಲ್ಲ ತುಂಬಿಸಿಬಿಟ್ಟಿತು. ನಾನಾಗ ಉಡಿಗಾಲದಾಚೆಯ ಒಂದು ಹಳ್ಳಿಯಲ್ಲಿ ಶಾಲೆಯ ಒಬ್ಬನೇ ಮೇಷ್ಟ್ರು. ಹಳ್ಳಿಯ ಹೆಸರು ಬೇಡ. ಅಲ್ಲಿಯವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಚಾಮರಾಜನಗರದ ಪೇಟೆಯಲ್ಲಿ ನಮ್ಮ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನಮ್ಮ ಮನೆಮಾತು ಉರ್ದು, ನಾನು ಕಲಿಸುತ್ತಿದ್ದುದು ಕನ್ನಡ. ಊರಿನವರು ನನ್ನನ್ನು ಸಾಬರ ಮೇಷ್ಟ್ರು ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಕ್ಕಳು ಮಗ್ಗಿ ಹೇಳುತ್ತಿದ್ದಾಗ ಕೆರೆಯ ಏರಿ ಒಡೆಯಿತು. ತಗ್ಗಿನ ಕೇರಿಯ ಗುಡಿಸಲುಗಳು ನಾವು ನೋಡುತ್ತಿದ್ದಂತೆಯೇ ಕೊಚ್ಚಿಹೋದವು. ದೊಡ್ಡವರು ಕೂಲಿಗೆ ಹೋಗಿದ್ದರು, ಮಕ್ಕಳು ನನ್ನೆದುರು ಕೂತಿದ್ದರು, ಹಾಗಾಗಿ ಉಳಿದರು. ನಡೆಯಲಾಗದೆ ಗುಡಿಸಲಲ್ಲೇ ಮಲಗಿದ್ದ ಒಬ್ಬ ಮುದುಕಿ ಹೋದಳು. ಆಕೆ ನೀರುಗಂಟಿಯ ತಾಯಿ. ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವ ಕೆಲಸ ಅವನದು.

ಕೆಲವು ದಿನಗಳಲ್ಲಿ ನನಗೆ ಮೇಲಿನಿಂದ ಆಜ್ಞೆ ಬಂತು. ಮನೆಮನೆಗೂ ಹೋಗಿ ಹೋದದ್ದೇನು, ಉಳಿದದ್ದೇನು ಎಂದು ಬರೆದುಕೊಡಬೇಕು. ಹಾಳೆಯ ಕೊನೆಯಲ್ಲಿ ಬೆರಳಗಲದ ಒಂದು ಖಾನೆಯಿತ್ತು: ಕಾರಣ.

ಮೇಲಿನ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನೀರುಗಂಟಿ ತೂಬು ತೆಗೆಯದೆ ಉದಾಸೀನ ಮಾಡಿದ, ಬರಕೊಳ್ಳಿ. ಒಂದೇ ಪಾಠವನ್ನು ಎಲ್ಲರೂ ಉರುಹೊಡೆದು ಒಪ್ಪಿಸುವುದನ್ನು ದಿನಾ ಕೇಳುವವನು ನಾನು. ನನಗೆ ಅನುಮಾನ ಬಂತು. ಕೇರಿಯವರು ಶಾಲೆಯ ಜಗಲಿಯಲ್ಲೇ ಇದ್ದರು. ನೀರುಗಂಟಿಯನ್ನು ಕೇಳಿದೆ. ಅವನು ತಲೆಯೆತ್ತಲಿಲ್ಲ. ಅವನ ಹೆಂಡತಿ ಮಾತ್ರ ಒಲೆ ಊದುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಳು.

"ಕೋಡಿ ತಾವ್ಕೆ ಓಗಿ ನೋಡ್ಕಂಡು ಬನ್ನಿ ಮೇಷ್ಟ್ರೆ. ನಾವು ಬಾಯಲ್ಲಿ ಏಳುದ್ರೆ ಯಾರು ನಂಬಾರು?"

ಹೋದೆ. ಕೆರೆ ತುಂಬಿ ಹೆಚ್ಚಾದ ನೀರು ತಾನಾಗಿ ಹರಿದುಹೋಗಬೇಕಾದ ಕೋಡಿಯ ಮೇಲೆ ಚಪ್ಪಡಿಕಲ್ಲುಗಳನ್ನು ಮೂರು ವರಸೆ ಪೇರಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿದ್ದರು. ಊರ ಪಟೇಲರ ಗದ್ದೆಗೆ ಎರಡನೆಯ ಬೆಳೆಗೂ ನೀರು ನಿಲ್ಲಲಿ ಎಂದು ಮಾಡಿದ ಕೆಲಸ. ಕಲ್ಲುಗಳ ಮೇಲೆ ಪಾಚಿ ಕಟ್ಟಿತ್ತು. ಹೊರಗೆ ಹೋಗಲು ದಾರಿಯಿಲ್ಲದ ನೀರು ಏರಿಯನ್ನೇ ಒಡೆದುಕೊಂಡಿತ್ತು. ಇಂಥ ನೀರಿಗೆ ತೂಬೊಂದು ಯಾವ ಲೆಕ್ಕ? ಶಾಲೆಯ ಅಡಿಕಡ್ಡಿ ತಂದು ಕಲ್ಲುಗಳ ಉದ್ದ, ಎತ್ತರ ಅಳೆದೆ. ಬೆರಳಗಲದ ಖಾನೆ ಸಾಲದೆ ಹಾಳೆಯ ಹಿಂಬದಿಯಲ್ಲೂ ಬರೆದೆ.

ಮರುದಿನವೇ ಪಟೇಲರು ಶಾಲೆಗೆ ಬಂದರು. ಊಟ ಆಯಿತೇ ಎಂದು ಕೇಳಿ, ಮಕ್ಕಳನ್ನು ಹೊರಗೆ ಕಳಿಸಿದರು.

"ಏನೋ ಬರ್ದಿದ್ದೀರಂತೆ. ಅರ್ದಾಕ್ಬುಡಿ ಮೇಷ್ಟ್ರೆ. ಪಾಠ ಏಳಕ್ಕೆ ಬಂದೋರು ನೀವು, ಕೆರೆ ಇಚಾರ ನಿಮ್ಗ್ಯಾಕೆ?"

"ಬರೆಯಲು ಹೇಳಿದ್ದಾರೆ, ಕಂಡದ್ದನ್ನು ಬರೆದಿದ್ದೇನೆ."

"ನೀನಿರೋ ಕೋಣೆ ನಮ್ದು ಕಣಯ್ಯ, ಗ್ಯಾನ ಇರ್ಲಿ."

ಅಲ್ಲಿಯತನಕ 'ನೀವು' ಎನ್ನುತ್ತಿದ್ದವರು 'ನೀನು' ಎಂದದ್ದೇ ನನಗೆ ಒಳ್ಳೆಯದಾಯಿತು. ಇದ್ದ ಅಳುಕೂ ಹೋಯಿತು. ಆ ಸಂಜೆಯೇ ಹಾಸಿಗೆ, ಟ್ರಂಕು ಎತ್ತಿಕೊಂಡು ಬಂದು ಶಾಲೆಯಲ್ಲಿ ಬಿಡಾರ ಹೂಡಿದೆ. ಎರಡು ದಿನದಲ್ಲಿ ಕೋಡಿಯ ಕಲ್ಲುಗಳು ಗಾಡಿಯೇರಿ ಎಲ್ಲಿಗೋ ಹೋದವು.

ನನ್ನ ಹಾಳೆ ಮೇಲಕ್ಕೆ ಹೋದಮೇಲೆ ವಿಚಾರಣೆಗೆಂದು ಒಬ್ಬ ಅಧಿಕಾರಿ ಬಂದರು. ಕಲ್ಲೆಂಬುದು ಅಲ್ಲಿರಲೇ ಇಲ್ಲ ಎಂದು ಪಟೇಲರು ಹೇಳಿದರು, ಮೇಲಿನ ಬೀದಿ ತಲೆಯಾಡಿಸಿತು. ನಾನು ಅಧಿಕಾರಿಯನ್ನು ಕೋಡಿಯ ಹತ್ತಿರ ಕರೆದುಕೊಂಡು ಹೋದೆ. ಕಲ್ಲು ಕೂತಿದ್ದ ಜಾಗವಷ್ಟೇ ಪಾಚಿಯಿಲ್ಲದೆ ಬೆಳ್ಳಗಿತ್ತು. ಜೇಡಿಮಣ್ಣಿನ ಗೆರೆಗಳು ಉಳಿದಿದ್ದವು. ಅಡಿಕಡ್ಡಿ ಇಟ್ಟು ತೋರಿಸಿದೆ. ಹಾಳೆಯಲ್ಲಿದ್ದ ಅಳತೆಗೆ ಸರಿಹೋಯಿತು.

ಆಗ ನಮ್ಮ ಹಿಂದಿನಿಂದ ನೀರುಗಂಟಿ ಮಾತಾಡಿದ. ಅಷ್ಟು ದಿನದಲ್ಲಿ ಅವನ ದನಿ ನಾನು ಕೇಳಿದ್ದು ಅದೇ ಮೊದಲು.

"ಮೂರು ಕಿತ ಓಗಿ ಕೇಳ್ದೆ ಬುದ್ಧಿ, ಕಲ್ಲು ತೆಗಿಸ್ಬುಡಿ ಅಂತ. ನೀರು ನಿಮ್ಮಪ್ಪಂದೇನ್ಲಾ ಅಂದ್ರು. ನಮ್ಮಪ್ಪಂದಲ್ಲ. ಆದ್ರೆ ಆ ನೀರ್ನಲ್ಲಿ ಕೊಚ್ಕಂಡೋದೋಳು ನಮ್ಮವ್ವ."

ಪಟೇಲರು ಕೊಡೆ ಬಿಚ್ಚಿದರು, ಮಳೆ ಇರಲಿಲ್ಲ.

ನೀರುಗಂಟಿಯ ಕೆಲಸ ಉಳಿಯಿತು. ವರದಿಯಲ್ಲಿ ಮಾತ್ರ ಕಾರಣ ಎಂಬಲ್ಲಿ 'ಅತಿವೃಷ್ಟಿ' ಎಂದಷ್ಟೇ ಬಂತು. ಮೇಲಿನ ಕಚೇರಿಯಲ್ಲಿ ನನ್ನ ಹಾಳೆಯ ಹಿಂಬದಿಯನ್ನು ಯಾರು ತಿರುಗಿಸಿ ನೋಡಿದರೋ, ಯಾರು ನೋಡಲಿಲ್ಲವೋ. ಅದರ ಜೊತೆಗೇ ನನ್ನನ್ನು ಹಂಗಳಕ್ಕೆ ವರ್ಗ ಮಾಡಿದ ಕಾಗದವೂ ಬಂತು. ಕಾಡಂಚಿನ ಊರು, ಹುಡುಗ ಹೆದರಿ ದಾರಿಗೆ ಬರುತ್ತಾನೆ ಎಂದುಕೊಂಡಿರಬೇಕು.

ನಾನು ಹೊರಡುವ ಹೊತ್ತಿಗೆ ಕೇರಿಯವರು ತಗ್ಗಿಗೆ ಇಳಿಯದೆ ಶಾಲೆಯ ಪಕ್ಕದ ದಿಬ್ಬದ ಮೇಲೆಯೇ ಹೊಸ ಗುಡಿಸಲುಗಳಿಗೆ ಬಿದಿರ ಗಳು ನೆಡುತ್ತಿದ್ದರು. ಹಳೆಯ ಜಾಗಕ್ಕೇ ಹೋಗಬೇಕೆಂದು ಪಟೇಲರ ಆಳು ಬಂದು ಕೂಗಾಡಿದ. ನೀರುಗಂಟಿಯ ಹೆಂಡತಿ ಗುಂಡಿ ತೋಡುತ್ತಿದ್ದ ಹಾರೆಯನ್ನು ಬಿಡಲೂ ಇಲ್ಲ.

"ಇಳಿಯಾಕಿಲ್ಲ. ಓಗಿ ನಿಮ್ಮ ಪಟೇಲ್ರಿಗೆ ಏಳು," ಎಂದಳು.

ನಾನು ಟ್ರಂಕು ಕೆಳಗಿಟ್ಟು ಗಳು ಎತ್ತಿ ಹಿಡಿದುಕೊಂಡೆ. ಆಕೆ ಬುಡಕ್ಕೆ ಮಣ್ಣು ತುಂಬಿ ತುಳಿದಳು. ಹಾಗೆ ನಾಲ್ಕು ಗಳು ನಿಲ್ಲಿಸುವಷ್ಟರಲ್ಲಿ ನನ್ನ ಬಸ್ಸು ಹೊರಟುಹೋಗಿತ್ತು.