ಅಂಗೈಗೆ ತಿಳಿದ ಸದ್ದು

“ಇಷ್ಟು ಗಡಗಡ ಅನ್ನಾಕತ್ತೈತಿ, ನಿಮಗ ಕಿವಿ ಇಲ್ಲೇನ್ರಿ?” ಎಂದು ಚೀರಿಬಿಟ್ಟೆ. ನನ್ನ ಮದುವೆಯ ಕಾಲದ ವಾಷಿಂಗ್ ಮಷಿನ್ ಮುಟ್ಟಲು ವಿಜಯಪುರದಲ್ಲಿ ನಾನು ಕೇಳಿದ ಮೆಕ್ಯಾನಿಕ್‌ಗಳೆಲ್ಲ ಒಲ್ಲೆ ಅಂದಿದ್ದರು. ಇಬ್ರಾಹಿಂಪುರದ ಈ ಚಾಚಾ ಒಬ್ಬರೇ ಬಂದು, ಸವೆದ ಬೇರಿಂಗ್ ಬದಲಿಸಿ, ನೀರು ಸೋರುತ್ತಿದ್ದ ಪಂಪಿಗೆ ಹೊಸ ಸೀಲ್ ಕೂರಿಸಿದ್ದರು. ಆದರೂ ಮಷಿನ್ ಚಾಲೂ ಮಾಡಿದರೆ ಮತ್ತೆ ಸದ್ದು. ನಾನು ಮೊದಲೇ ಸಿಟ್ಟಿನಲ್ಲಿದ್ದೆ. ಎಷ್ಟು ಸಲ ಫೋನ್ ಮಾಡಿದರೂ ಎತ್ತದೆ, ಬರೀ ಮೆಸೇಜಿಗೆ ಉತ್ತರ ಕೊಟ್ಟಿದ್ದರು.

ಚಾಚಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಾಗಿ, ಮಷಿನ್ನಿನ ಹಿಂದೆ, ಪಕ್ಕಕ್ಕೆ ಅಂಗೈ ಒತ್ತಿ ಹಿಡಿದರು. ಕೊನೆಗೆ ಅದರ ಮೇಲಿದ್ದ ಸೋಪಿನ ಪುಡಿಯ ಸ್ಟೀಲ್ ಡಬ್ಬಿಯನ್ನು ಎತ್ತಿದರು. ಸದ್ದು ನಿಂತಿತು. ಕೆಲಸ ಮುಗಿಯಿತೆಂದು ಡಬ್ಬಿಯನ್ನು ಅಲ್ಲಿ ಇಟ್ಟವಳು ನಾನೇ.

“ಕಿವಿ ಕೇಳಂಗಿಲ್ರಿ ಅಕ್ಕಾರ, ಭಾಳ ವರ್ಷಾತು,” ಅಂದರು, ಡಬ್ಬಿಯನ್ನು ನನ್ನ ಕೈಗೆ ಕೊಡುತ್ತ. “ನೀವು ಅಂದದ್ದು ಬಾಯಿ ನೋಡಿ ತಿಳೀತು. ಮಷಿನ್‌ದು ಕೈಗೆ ತಿಳೀತೈತಿ.”

ಅವರು ಬೆನ್ನು ತಿರುಗಿಸಿ ಪಾನಾ, ಇಕ್ಕಳ ಚೀಲಕ್ಕೆ ತುಂಬುವಾಗ “ತಪ್ಪಾತ್ರಿ ಚಾಚಾ” ಅಂದೆ. ಅವರಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೇ ಅಂದೆ. ಬೈಯುವಾಗ ಎದುರಿಗೇ ನಿಂತು ಬೈದಿದ್ದೆ. ಈಗ ಅವರು ಇತ್ತ ತಿರುಗಿದಾಗ ನನ್ನ ಬಾಯಿಂದ ಬಂದದ್ದು ಇಷ್ಟೇ: “ಚಾ ಮಾಡ್ಲೇನ್ರಿ?”