ಪೆಸ್ಯಜ್ಜಿಯ ಬೂಟಿನಡಿಯ ಹೆಸರು

ನಮ್ಮ ಬೀದಿಯ ಪೆಸ್ಯಜ್ಜಿ ಬೆಳಿಗ್ಗೆ ಎದ್ದವಳೇ, ಚಹಾಕ್ಕೆ ನೀರಿಡುವ ಮೊದಲು, ಬೂಟುಗಳನ್ನು ಮಗುಚಿ ಅಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಬ್ಬ ಗಂಡಸಿನ ಹೆಸರು ಬರೆಯುತ್ತಿದ್ದಳು. ಎಡಗಾಲಿನದಕ್ಕೆ ಅವನ ಹೆಸರು, ಬಲಗಾಲಿನದಕ್ಕೆ ಅವನ ಮನೆತನದ ಹೆಸರು. ಬರೆಯುತ್ತಿದ್ದುದು ನಮ್ಮ ಯಹೂದಿಗಳ ಯಿದ್ದಿಷ್ ಅಕ್ಷರಗಳಲ್ಲಿ. ಅದನ್ನು ಓದಬಲ್ಲವರು ಊರಿನಲ್ಲಿ ಹೆಚ್ಚು ಮಂದಿ ಉಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಅಕ್ಷರಗಳು ಸವೆದುಹೋಗಿರುತ್ತಿದ್ದವು. ಮರುದಿನ ಮತ್ತೆ ಬರೆಯುತ್ತಿದ್ದಳು.

ಪೂರಿಮ್ ಹಬ್ಬದ ದಿನ ಎಸ್ತೇರ್ ರಾಣಿಯ ಕಥೆ ಓದುವಾಗ, ನಮ್ಮವರನ್ನೆಲ್ಲ ಕೊಲ್ಲಿಸಲು ಹೊರಟ ಹಾಮಾನನ ಹೆಸರು ಬಂದಾಗಲೆಲ್ಲ ನಾವು ನೆಲಕ್ಕೆ ಕಾಲು ಬಡಿಯುತ್ತೇವೆ. ಹಳಬರು ಆ ಹೆಸರನ್ನು ಅಟ್ಟೆಯ ಮೇಲೆ ಬರೆದುಕೊಂಡು ಅಳಿಸಿಹೋಗುವವರೆಗೂ ಬಡಿಯುತ್ತಿದ್ದರು. ವರ್ಷಕ್ಕೊಂದು ದಿನದ ಆ ಪದ್ಧತಿಯನ್ನು ಪೆಸ್ಯಜ್ಜಿ ದಿನವೂ ಮಾಡುತ್ತಿದ್ದಳು, ಬೇರೊಬ್ಬನ ಹೆಸರಿನಲ್ಲಿ.

ಅವಳು ಕೆಲಸ ಮಾಡುತ್ತಿದ್ದ ಬ್ರೆಡ್ ಭಟ್ಟಿ ದಿಬ್ಬದ ಮೇಲಿತ್ತು, ಮನೆ ಕೆಳಗೆ ನೀಸ್ಟರ್ ನದಿಯ ಹತ್ತಿರ. ಮಂಡಿನೋವು ಬಂದಮೇಲೂ ಅವಳು ಬಸ್ಸು ಹತ್ತಲಿಲ್ಲ. ನಮ್ಮ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಕಥೆ ಓದುವ ಮುದುಕ ಗೆರ್ಶನ್ ಒಮ್ಮೆ, ಪಿಂಚಣಿಯವರಿಗೆ ಟಿಕೆಟ್ಟೂ ಬೇಕಿಲ್ಲ, ಈ ಮೊಂಡುತನ ಯಾರ ಮೇಲೆ ಎಂದು ಕೇಳಿದ್ದಕ್ಕೆ ಅಜ್ಜಿ ಹೇಳಿದಳು:

"ನಾನು ಬಸ್ಸಲ್ಲಿ ಕೂತ್ರೆ ಅವ್ನಿಗೆ ಸುಖ ಅಲ್ವಾ ಗೆರ್ಶನ್ನಣ್ಣ? ಅಷ್ಟು ಹೊತ್ತು ಅವನ ಬೆನ್ನ ಮೇಲೆ ಭಾರಾನೇ ಇರಲ್ಲ."

ಬೂಟಿನಡಿಯ ಹೆಸರಿನವನು ವೈನಿಗೆ ಮರದ ಪೀಪಾಯಿ ಮಾಡುವವನು. ಯುದ್ಧಕ್ಕೆ ಮೊದಲು ಅವರ ಪಕ್ಕದ ಮನೆಯವನು. ಯಹೂದಿಗಳನ್ನು ಹುಡುಕಿ ಕೊಲ್ಲುವ ಸೈನ್ಯ ಊರಿಗೆ ನುಗ್ಗಿದ ಬೇಸಿಗೆಯಲ್ಲಿ ಪೆಸ್ಯಾಳ ಅಪ್ಪ ವೋಲ್ಫ್, ಅಮ್ಮ, ತಮ್ಮ ಲೈಬ್ಲ್ ಮತ್ತು ಅವಳನ್ನು ತನ್ನ ನೆಲಮಾಳಿಗೆಯಲ್ಲಿ ಅಡಗಿಸಿದ. ಪ್ರತಿಯಾಗಿ ಅಮ್ಮನ ಓಲೆ ಹೋಯಿತು, ಅಪ್ಪನ ಹೊಲಿಗೆಯಂತ್ರ ಹೋಯಿತು, ಬೆಳ್ಳಿಯ ದೀಪದ ಕಂಬಗಳು ಹೋದವು. ಕೊಡಲು ಏನೂ ಉಳಿಯದ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಅವನು ಕರೆತಂದ ಪೊಲೀಸರ ಬೂಟಿನ ಸದ್ದಾಯಿತು. ಅಪ್ಪ ಕೈಗೆ ಸಿಕ್ಕ ಪೆಸ್ಯಾಳನ್ನು ಹೊಸ ಪೀಪಾಯಿಯೊಂದರೊಳಗೆ ಇಳಿಸಿ ಮುಚ್ಚಳ ಎಳೆದ. ಉಳಿದವರಿಗೆ ಹೊತ್ತು ಸಾಲಲಿಲ್ಲ.

ಒಬ್ಬ ಹುಡುಗಿ ಕಡಿಮೆ ಇದ್ದಾಳೆಂದು ಪೊಲೀಸರಿಗೆ ಗೊತ್ತಾಯಿತು. ಪೀಪಾಯಿಗಳಿಗೆಲ್ಲ ಬಂದೂಕಿನ ತುದಿಯ ಬಯೊನೆಟ್ ಚುಚ್ಚಿ ನೋಡೋಣ ಎಂದರು. ಆಗ ಪೀಪಾಯಿಯವನು ಅಡ್ಡ ನಿಂತ. ಹೊಸ ಓಕ್ ಮರ, ದ್ರಾಕ್ಷಿ ಸುಗ್ಗಿ ಹತ್ತಿರ ಬಂತು, ತೂತಾದರೆ ಯಾರು ಕೊಳ್ಳುತ್ತಾರೆ ಎಂದ. ತಾನೇ ಮರದ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟುತ್ತ ಬಂದ. ಪೆಸ್ಯಾ ಇದ್ದದ್ದನ್ನೂ ತಟ್ಟಿದ. ಖಾಲಿ ಎಂದು ಹೇಳಿ ಮುಂದೆ ಹೋದ. ಅಪ್ಪ ಮೆಟ್ಟಿಲು ಹತ್ತುತ್ತ ಯಿದ್ದಿಷಿನಲ್ಲಿ, ಇವನ ಹೆಸರು ಅಳಿಸಿಹೋಗಲಿ ಎಂದದ್ದು ಅವಳಿಗೆ ಒಳಗೆ ಕೇಳಿಸಿತು. ಅವಳು ಕೇಳಿದ ಅಪ್ಪನ ಕೊನೆಯ ಮಾತು ಅದು.

ಎಲ್ಲರೂ ಹೋದಮೇಲೆ ಹೊರಬಿದ್ದು, ಜೋಳದ ಹೊಲಗಳಲ್ಲಿ ನುಸುಳಿ, ಕಡೆಗೆ ಸಿಕ್ಕಿಬಿದ್ದು, ನದಿಯಾಚೆ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದಲ್ಲಿ ಮೂರು ಚಳಿಗಾಲ ಕಳೆದು ಊರಿಗೆ ಬಂದಾಗ ಅವಳ ಮನೆಯಲ್ಲಿ ಪೀಪಾಯಿಯವನ ದನ ಕಟ್ಟಿತ್ತು. ಅಪ್ಪನ ಮಾತನ್ನು ಅವಳು ಅಪ್ಪಣೆ ಎಂದೇ ತೆಗೆದುಕೊಂಡಿದ್ದಳು. ಅವನ ಹೆಸರು ಅವಳ ಬಾಯಿಂದ ಬರಲಿಲ್ಲ. ಬೂಟಿನಡಿಗೆ ಬರೆದಳು, ತುಳಿದಳು. ಅವನು ಸುಖವಾಗಿ ಮುದುಕನಾಗಿ ಹಾಸಿಗೆಯಲ್ಲಿ ಸತ್ತ. ಆ ದಿನವೂ ಅವಳು ಬರೆಯುವುದನ್ನು ಬಿಡಲಿಲ್ಲ.

ಸೋವಿಯತ್ ಕಾಲ ಮುಗಿದಮೇಲೆ ರಾಜಧಾನಿ ಕಿಶಿನೇವ್‌ನಿಂದ ರೀಟಾ ಎಂಬವಳು ಟೇಪ್ ರೆಕಾರ್ಡರ್ ತಂದಳು. ಉಳಿದುಕೊಂಡವರ ಕಥೆಗಳನ್ನೆಲ್ಲ ಕೂಡಿಡುವುದು ಅವಳ ಕೆಲಸ. ಅಜ್ಜಿ ಗಸಗಸೆಯ ಬನ್ನು ಕೊಟ್ಟು, ಎಲ್ಲವನ್ನೂ ಹೇಳಿದಳು. ಪೀಪಾಯಿಯವನ ಹೆಸರೇನು ಎಂದಾಗ ಬಾಯಿ ಮುಚ್ಚಿದಳು. ರೀಟಾ ಬಗೆಬಗೆಯಾಗಿ ಕೇಳಿದಳು. ಕೊನೆಗೆ ರೆಕಾರ್ಡರ್ ಎತ್ತಿಡುತ್ತ, ಈ ದೇಶದ ತುಂಬ ಪೀಪಾಯಿ ಮಾಡುವವರೇ ಅಜ್ಜಿ, ಹೀಗಾದರೆ ಎಲ್ಲರೂ ಮಾಡಿದಂತೆ ಆಯಿತು, ಇಲ್ಲವೇ ಯಾರೂ ಮಾಡಿಲ್ಲ ಎಂದು ಆಯಿತು ಎಂದಳು. ಅಜ್ಜಿ ಅವಳನ್ನು ಕಳಿಸಿಕೊಡಲು ಬಾಗಿಲವರೆಗೂ ಹೋಗಲಿಲ್ಲ.

ಅದರ ಮುಂದಿನ ಪೂರಿಮ್ ಹತ್ತಿರ ಬಂದಾಗ ಗೆರ್ಶನ್ ಸುದ್ದಿ ತಂದ. ಪೀಪಾಯಿಯವನ ಮಗ ತ್ರಿಫಾನ್ ಅದೇ ನೆಲಮಾಳಿಗೆಯಲ್ಲಿ ವೈನ್ ಅಂಗಡಿ ಇಟ್ಟಿದ್ದ. ವಿದೇಶದಿಂದ ಬರುವವರಿಗೆಲ್ಲ, ನಮ್ಮಪ್ಪ ಇಲ್ಲಿ ಯಹೂದಿ ಕುಟುಂಬವನ್ನು ಅಡಗಿಸಿದ್ದ ಎಂದು ಹೇಳುತ್ತಿದ್ದ. ಈಗ ಪಟ್ಟಣದವರು ಆ ಬಾಗಿಲ ಮೇಲೆ ಅವನಪ್ಪನ ಹೆಸರು ಕೆತ್ತಿದ ಹಿತ್ತಾಳೆಯ ಫಲಕ ಹಾಕಲಿದ್ದರು. ಭಾನುವಾರ ಅನಾವರಣ.

ಅಜ್ಜಿ ಬೂಟು ಕಳಚಿ ಅಟ್ಟೆ ನೋಡಿದಳು.

"ನಾನು ಕೆಳಗೆ ಅಳಿಸ್ತಾ ಇದ್ದೆ," ಎಂದಳು. "ಅವನ ಮಗ ಮೇಲೆ ಬರೀತಾ ಇದ್ದ. ನಾನು ಬಾಯಿ ಮುಚ್ಕೊಂಡು ಅವನಿಗೆ ಜಾಗ ಬಿಟ್ಟುಕೊಟ್ಟೆ."

ಗೆರ್ಶನ್, ಹೆಸರಿಲ್ಲದೆ ದೂರು ಕೊಟ್ಟರೆ ಯಾರೂ ಕೇಳುವುದಿಲ್ಲ ಎಂದ. ಅಪ್ಪನ ಮಾತು ಮೀರಿದಂತೆ ಆಗುತ್ತದಲ್ಲ ಎಂದು ಅಜ್ಜಿ ಕೇಳಿದಳು. ಅವನು ಗಡ್ಡ ಕೆರೆದುಕೊಂಡ.

"ಹಾಮಾನನ ಹೆಸರು ನಾನು ಗಟ್ಟಿಯಾಗಿ ಓದದಿದ್ರೆ ನೀವೆಲ್ಲ ಯಾವಾಗ ಕಾಲು ಬಡೀತೀರಮ್ಮ?"

ಭಾನುವಾರ ತ್ರಿಫಾನ್‌ನ ಅಂಗಳದಲ್ಲಿ ಬೆಂಚು ಹಾಕಿದ್ದರು. ಪುರಸಭೆಯ ಅಧ್ಯಕ್ಷರು, ಪಾದ್ರಿ, ಹೂವು ಹಿಡಿದ ಶಾಲೆಯ ಮಕ್ಕಳು ಇದ್ದರು. ಬಾಗಿಲ ಮೇಲೆ ಫಲಕಕ್ಕೆ ಬಟ್ಟೆ ಮುಚ್ಚಿತ್ತು. ನಮ್ಮವರಲ್ಲಿ ಉಳಿದವರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಮುಂದೆ ಬಂದ ಪೆಸ್ಯಜ್ಜಿಯನ್ನು ಕಂಡು ತ್ರಿಫಾನ್ ತಾನೇ ಕುರ್ಚಿ ತಂದ. ಅಪ್ಪ ಕಾಪಾಡಿದ ಹುಡುಗಿ ಇವರೇ ಎಂದು ಎಲ್ಲರಿಗೂ ಹೇಳಿದ. ಜನ ಚಪ್ಪಾಳೆ ತಟ್ಟಿದರು.

ಅಜ್ಜಿ ಚಪ್ಪಾಳೆ ನಿಲ್ಲುವವರೆಗೆ ಕಾದಳು.

"ಸಿಮಿಯೊನ್ ದೊಗಾರು," ಎಂದಳು.

ಹೆಸರು ಅವಳ ಗಂಟಲಿಂದ ತುಕ್ಕು ಹಿಡಿದ ಕೀಲಿನ ಸದ್ದಿನಂತೆ ಹೊರಬಂತು. ಎರಡನೆಯ ಸಲ ಸಲೀಸಾಗಿ ಬಂತು. ಸಿಮಿಯೊನ್ ದೊಗಾರು ಓಲೆ ತೆಗೆದುಕೊಂಡದ್ದು, ಹೊಲಿಗೆಯಂತ್ರ ತೆಗೆದುಕೊಂಡದ್ದು, ಸಿಮಿಯೊನ್ ದೊಗಾರು ಪೊಲೀಸರನ್ನು ಕರೆತಂದದ್ದು. ಪ್ರತಿ ಮಾತಿನ ಮೊದಲೂ ಆ ಹೆಸರಿಟ್ಟು ಹೇಳಿದಳು. ಹಿಂದಿನ ಸಾಲಿನಿಂದ ಗೆರ್ಶನ್ ಕಾಲು ಬಡಿದ. ಆಮೇಲೆ ನಾವೆಲ್ಲರೂ ಬಡಿದೆವು. ಹೆಸರು ಬಂದಾಗಲೆಲ್ಲ ಬಡಿದೆವು. ಅಂಗಳದ ಕಲ್ಲು ಸದ್ದು ಮಾಡಿತು. ಮಕ್ಕಳಿಗೆ ಏನೂ ತಿಳಿಯದೆ, ಅವರಲ್ಲಿಯೂ ಕೆಲವರು ಬಡಿಯತೊಡಗಿದರು.

ತ್ರಿಫಾನ್‌ನ ಮುಖ ಬಿಳಿಚಿತ್ತು. ಆದರೆ ಅವನು ಸುಮ್ಮನಿರಲಿಲ್ಲ.

"ಅಜ್ಜಿ, ಬಯೊನೆಟ್ಟಿಗೆ ಅಡ್ಡ ನಿಂತಿದ್ದು ನಮ್ಮಪ್ಪ ತಾನೇ? ಖಾಲಿ ಅಂದಿದ್ದು ಅವರು ತಾನೇ? ಅವರು ಹಾಗನ್ನದೆ ಇದ್ದಿದ್ರೆ ನೀವು ಇಲ್ಲಿ ನಿಂತು ಬೈಯೋಕೆ ಇರ್ತಿದ್ರಾ?"

"ಅಡ್ಡ ನಿಂತ, ಹೌದಪ್ಪ," ಎಂದಳು ಅಜ್ಜಿ. "ಪೀಪಾಯಿಗೆ. ನಮ್ಮ ಲೈಬ್ಲ್ ಅಲ್ಲೇ ಎರಡು ಹೆಜ್ಜೆ ಆಚೆ ನಿಂತಿದ್ದ. ಐದು ವರ್ಷದ ಮಗು. ಅವನನ್ನ ಓಕ್ ಮರದಲ್ಲಿ ಮಾಡಿರ್ಲಿಲ್ಲ ನೋಡು, ಅವನಿಗೆ ಯಾರೂ ಅಡ್ಡ ನಿಲ್ಲಲಿಲ್ಲ."

ಅಜ್ಜಿ ಬಟ್ಟೆಯನ್ನು ತಾನೇ ಎಳೆದಳು. ಹಿತ್ತಾಳೆ ಬಿಸಿಲಿಗೆ ಹೊಳೆಯಿತು. ಅವಳು ಎರಡೂ ಬೂಟು ಕಳಚಿ, ಅಟ್ಟೆ ಮೇಲಾಗಿ, ಫಲಕದ ಕೆಳಗೆ ಹೊಸ್ತಿಲ ಮೇಲಿಟ್ಟಳು. ಅಂದು ಬೆಳಿಗ್ಗೆ ಬರೆದ ಸೀಮೆಸುಣ್ಣ ಇನ್ನೂ ಅರ್ಧ ಉಳಿದಿತ್ತು, ಮೊದಲ ಸಲ ಯಿದ್ದಿಷ್ ಬಿಟ್ಟು ಎಲ್ಲರಿಗೂ ಓದಲು ಬರುವ ಅಕ್ಷರಗಳಲ್ಲಿ. ಫಲಕದ ಹೆಸರು, ಬೂಟಿನ ಹೆಸರು ಒಂದೇ ಎಂದು ಜನ ನೋಡಿದರು. ಪಾದ್ರಿ ಮೊದಲು ಎದ್ದು ಹೋದರು. ಮಕ್ಕಳು ಹೂವನ್ನು ವಾಪಸು ಒಯ್ದರು. ಸಂಜೆಯೊಳಗೆ ತ್ರಿಫಾನ್ ತಾನೇ ಏಣಿ ಹಾಕಿ ಫಲಕ ಬಿಚ್ಚಿದ. ಬಾಗಿಲ ಮೇಲೆ ಮೊಳೆಯ ತೂತುಗಳು ಉಳಿದವು. ಓಕ್ ಮರದ ಬಾಗಿಲೇ ಅದು. ಅಜ್ಜಿಗೆ ಅದೊಂದು ಬಹಳ ಹಿಡಿಸಿತು. ಆ ದಾರಿಯಲ್ಲಿ ಹೋದಾಗಲೆಲ್ಲ ನಿಂತು ನೋಡುತ್ತಿದ್ದಳು.

ಅಂದು ಅಂಗಳದಿಂದ ಬರಿಗಾಲಿನಲ್ಲಿ ಅವಳು ಮನೆಗೆ ಹೋಗುವಾಗ, ಇನ್ನಾದರೂ ಮನಸ್ಸಿಗೆ ಸಮಾಧಾನವಾಯಿತೇ ಎಂದು ಗೆರ್ಶನ್ ಕೇಳಿದ. ಸಮಾಧಾನ ಯಾರಿಗೆ ಬೇಕಿತ್ತು ಎಂದಳು.

ಸೋಮವಾರ ಅವಳು ಕಿಶಿನೇವ್‌ಗೆ ರೀಟಾಳ ಹತ್ತಿರ ಹೊರಟಳು, ಟೇಪಿನಲ್ಲಿ ಬಿಟ್ಟುಹೋದದ್ದನ್ನು ತುಂಬಿಸಲು. ನದಿಯ ಹತ್ತಿರ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಕಂಡಕ್ಟರ್ ಹೆಂಗಸು ಆಶ್ಚರ್ಯಪಟ್ಟಳು.

"ಏನಜ್ಜಿ, ಇವತ್ತು ನಡೆಯಲ್ವಾ?"

"ಈಗ ಕೂತ್ಕೊಂಡೂ ಆಗುತ್ತೆ," ಎಂದು ಅಜ್ಜಿ ಪಕ್ಕದಲ್ಲಿ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದವಳ ಕಡೆ ತಿರುಗಿದಳು. "ಸಿಮಿಯೊನ್ ದೊಗಾರು ಅಂತ ಒಬ್ಬ ಇದ್ದ. ಗೊತ್ತಾ ನಿಂಗೆ? ಗೊತ್ತಿಲ್ವಾ? ಕೇಳು, ಹೇಳ್ತೀನಿ."